ಮಿಲ್‌ನವರ ಕಂಬ, ಅತ್ತೆಯ ಕುಂಚ

ನಮ್ಮೂರ ಕೆರೆಯ ಪಕ್ಕದ ಬಯಲಿನಲ್ಲಿ ನೂಲಿನ ಮಿಲ್‌ನವರು ವ್ಯಾಯಾಮದ ದಾರಿ ಮಾಡಿಸಿದ ವರ್ಷ, ನನ್ನ ಅತ್ತೆಗೆ ಮೊಣಕಾಲು ಮಡಚಲಾಗುತ್ತಿರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಮೂಳೆ ಕೂಡಿಕೊಂಡರೂ ಕಾಲು ಬಿಗಿದೇ ಇತ್ತು. ನಮ್ಮದು ಗುಂಡಿಮಗ್ಗ, ನೇಯುವವರು ಅಂಚಿನಲ್ಲಿ ಕುಳಿತು ಕಾಲನ್ನು ಕುಣಿಯೊಳಗೆ ಇಳಿಬಿಡಬೇಕು. ಅತ್ತೆ ಆ ಅಂಚಿನವರೆಗೆ ಬಂದು, ಗೋಡೆ ಹಿಡಿದು ನಿಂತು, ಮಾವ ನೇಯ್ದದ್ದರಲ್ಲಿ ತಪ್ಪು ಹುಡುಕಿ ಹಿಂದಿರುಗುತ್ತಿದ್ದರು.

ಬೆಳಗಿನ ಹೊತ್ತು ಚೆನ್ನಾಗಿ ನಡೆದರೆ ಕಾಲು ಸಡಿಲಾಗುತ್ತದೆ, ಇಲ್ಲದಿದ್ದರೆ ಮಗ್ಗವನ್ನು ಮರೆತುಬಿಡಬೇಕು ಎಂದರು ಮೆಟ್ಟುಪಾಳ್ಯದ ಡಾಕ್ಟರು. ಟೌನ್ ಬಸ್ಸಿನಲ್ಲಿ ಬರುವಾಗ ಅತ್ತೆ ಕಿಟಕಿಯ ಕಡೆ ನೋಡುತ್ತಲೇ ಅಂದರು: "ಕೆಲಸ ಇಲ್ದೆ ಬೀದೀಲಿ ಹೆಂಗಸು ನಡೆದ್ರೆ ಏನಂತಾರೆ ಅಮ್ಮಿಣಿ? ಮನೇಲಿ ಸಂಡೆ ಜಗಳ, ಸೊಸೆ ಆಚೆ ಹಾಕಿದಾಳೆ ಅಂತಾರೆ."

ಪ್ರೀತಿ ಬಂದಾಗಲೂ ಸಿಟ್ಟು ಬಂದಾಗಲೂ ನಾನು ಅವರಿಗೆ ಅಮ್ಮಿಣಿಯೇ.

ವ್ಯಾಯಾಮದ ದಾರಿ ಮಿಲ್ ಯಜಮಾನರ ಮಗನ ಆಸೆ. ಯಂತ್ರ ಕೊಳ್ಳಲು ಜರ್ಮನಿಗೆ ಹೋಗಿದ್ದಾಗ ಅಲ್ಲಿ ಕಂಡದ್ದಂತೆ. ಮಣ್ಣಿನ ದಾರಿ, ಅದರ ಉದ್ದಕ್ಕೂ ಬಣ್ಣ ಬಳಿದ ಮರದ ಕಂಬಗಳು, ಅಡ್ಡ ಕಂಬಿಗಳು. ಹಳದಿ ಬೋರ್ಡುಗಳ ಮೇಲೆ ಚಡ್ಡಿ ತೊಟ್ಟು ಬಾಗುವ ಗಂಡಸಿನ ಚಿತ್ರ. ಅವನಿಗಿಂತ ದೊಡ್ಡದಾಗಿ ಮಿಲ್‌ನ ಕದಿರಿನ ಗುರುತು. ಎಲ್ಲರಿಗೂ ಉಚಿತ ಎಂದು ಬರೆದಿತ್ತು. ಬಂದು ಬೆನ್ನು ತಿಕ್ಕಿಕೊಳ್ಳುತ್ತಿದ್ದದ್ದು ಆಡುಗಳು ಮಾತ್ರ.

ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಕೈ ಬೀಸಿಸುತ್ತಿದ್ದದ್ದು ನೆನಪಾಗಿ ನನಗೆ ಆ ಬೋರ್ಡುಗಳ ಮೇಲೆ ಅಕ್ಕರೆ. ನೋಡಿ ಬರೋಣವೆಂದು ಪುಸಲಾಯಿಸಿ ಅತ್ತೆಯನ್ನು ಕರೆದೊಯ್ದೆ. ಅವರು ಒಂದು ಕಂಬವನ್ನು ಅಲುಗಿಸಿ ನೋಡಿದರು. ಆಮೇಲೆ ಕಣ್ಣು ಕಿರಿದು ಮಾಡಿ ಸಾಲಿನ ಆ ತುದಿಯನ್ನು ನೋಡಿದರು.

"ಹಾಸು ಕಟ್ಟಾಕೆ ಎಷ್ಟು ಲಾಯಕ್ಕಾಗಿ ಹೂತಿದಾರೆ. ಮಿಲ್‌ನೋರಿಗೂ ನಮ್ಮ ನೆನಪಿದೆ."

ಹಾಸು ಎಂದರೆ ಮಗ್ಗಕ್ಕೆ ಏರಿಸುವ ಉದ್ದ ನೂಲು. ಹಿಂದೆ ಅದನ್ನು ಬೀದಿಯ ಉದ್ದಕ್ಕೂ ಕಂಬಗಳ ನಡುವೆ ಬಿಗಿದು, ಗಂಜಿ ಬಳಿದು, ಎರಡೂ ಬದಿ ನಡೆಯುತ್ತ ಕುಂಚದಿಂದ ಬಾಚುತ್ತಿದ್ದರು. ನಮ್ಮ ಬೀದಿಗೆ ಬಸ್ಸು ಬಂದ ಮೇಲೆ ಆ ಕೆಲಸ ಪಕ್ಕದ ಅನ್ನೂರಿನ ಗಂಜಿ ಯಂತ್ರಕ್ಕೆ ಹೋಗಿತ್ತು. ಬೋರ್ಡಿನಲ್ಲಿ ಬೇರೆಯೇ ಬರೆದಿದೆ ಎಂದು ಓದಿ ಹೇಳಿದೆ.

"ಬೋರ್ಡು ಇಂಗ್ಲೀಷ್ನೋರಿಗೆ. ಕಂಬ ನಮಗೆ," ಎಂದರು.

ಮಾರನೆಯ ಬೆಳಿಗ್ಗೆ, ನೀಲಗಿರಿಯ ಮೇಲಿನ ಮಂಜು ಕರಗುವ ಮೊದಲೇ, ಮಿಲ್‌ನ ಕಂಬಗಳಿಗೆ ನಮ್ಮ ಹಾಸು ಬಿಗಿದೆವು. ಒಂದು ಬದಿ ಮಾವ, ಇನ್ನೊಂದು ಬದಿ ಅತ್ತೆ. ನನ್ನ ಕೈಯಲ್ಲಿ ಗಂಜಿಯ ಪಾತ್ರೆ. ಅತ್ತೆ ಕುಂಟುತ್ತ ಹೊರಟವರು ನೂಲಿನ ಮೇಲೆ ಕಣ್ಣಿಟ್ಟು ಆ ತುದಿಯವರೆಗೆ ಹೋಗಿ ತಿರುಗಿ ಬಂದರು. ಗೋಡೆ ಬೇಕೆನ್ನಲಿಲ್ಲ. ಹಾಗೆಯೇ ಕೆಲವು ಬೆಳಗುಗಳು. ಒಂದು ಸಂಜೆ ಅವರು ಜಗಲಿಯ ಮೇಲೆ ಕಾಲು ಅರ್ಧ ಮಡಚಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಕಂಡೂ ಕಾಣದಂತೆ ಒಳಗೆ ಹೋದೆ.

ಅಷ್ಟರಲ್ಲಿ ಮಿಲ್‌ನ ಮ್ಯಾನೇಜರ್ ಬಂದರು. ಭಾನುವಾರ ಉದ್ಘಾಟನೆ, ಫೋಟೋ ತೆಗೆಯುವವರು ಬರುತ್ತಾರೆ, ಕಂಬದ ಬಣ್ಣದ ಮೇಲೆ ಗಂಜಿ ಒಣಗಿದೆ.

"ಇದುಲೆ ನೂಲು ಕಟ್ಟಕ್ಕೂಡಾದುಂಗ, ಆತ್ತಾ," ಎಂದರು ತಮಿಳಿನಲ್ಲಿ, ಮೆತ್ತಗೆ. ಇಲ್ಲಿ ನೂಲು ಕಟ್ಟುವ ಹಾಗಿಲ್ಲ ಅಮ್ಮಾ, ವ್ಯಾಯಾಮ ಮಾತ್ರ.

ಅತ್ತೆ ನನ್ನ ಕಡೆ ತಿರುಗಿ ನಮ್ಮ ಮನೆಮಾತು ಕನ್ನಡದಲ್ಲಿ ಅಂದರು: "ಚಡ್ಡಿ ಹಾಕ್ಕೊಂಡು ಬಂದ್ರೆ ಬಿಡ್ತಾರಾ ಕೇಳು."

ನಾನು ಅದನ್ನು ತಮಿಳಿಗೆ ತಿರುಗಿಸಲಿಲ್ಲ. ಅತ್ತೆ ಹಾಸನ್ನು ಬಿಚ್ಚಿ ಸುತ್ತಿದರು. ಕಂಬದ ಗಂಜಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಯೂ ಬಂದರು. ಇನ್ನು ನಡಿಗೆಯಿಲ್ಲ, ಮಗ್ಗವೂ ಇಲ್ಲ ಎಂದುಕೊಂಡು ನಾನು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ.

ಮರುದಿನ ಬೆಳಿಗ್ಗೆ ಅವರ ಹಾಸಿಗೆ ಖಾಲಿ. ಕೆರೆಯ ಕಡೆ ಓಡಿದೆ. ಅತ್ತೆ ಕಂಬದ ಸಾಲಿನ ಪಕ್ಕ ನಡೆಯುತ್ತಿದ್ದರು. ನೂಲಿಲ್ಲ, ಗಂಜಿಯಿಲ್ಲ, ಕೈಯಲ್ಲಿ ಒಣ ಕುಂಚ ಮಾತ್ರ.

"ಇದೇನತ್ತೆ?"

"ಕುಂಚ ಕೈಲಿದ್ರೆ ಯಾರೂ ಎಲ್ಲಿಗೆ ಅಂತ ಕೇಳಲ್ಲ."

ಭಾನುವಾರದ ಹೊತ್ತಿಗೆ ಪಕ್ಕದ ಮನೆಯವರು ಖಾಲಿ ಹಾಲಿನ ಚೊಂಬು ಹಿಡಿದು, ಎದುರು ಮನೆಯವರು ಮೊರ ಹಿಡಿದು ಅತ್ತೆಯ ಹಿಂದೆ ನಡೆಯುತ್ತಿದ್ದರು. ಫೋಟೋಗೆ ಜನ ಸಿಕ್ಕರಲ್ಲ ಎಂದು ಮ್ಯಾನೇಜರಿಗೆ ಖುಷಿ. ಕೈಯಲ್ಲಿರುವುದನ್ನು ಕೆಳಗಿಡಿ ಎಂದು ಬೇಡಿಕೊಂಡರು. ಯಾರೂ ಇಡಲಿಲ್ಲ.

ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಬೀಸುತ್ತಿದ್ದ ಒಂದು ದಿನ ನಾನು ಕಾಫಿ ಸೋಸುತ್ತಿದ್ದೆ. ಮಗ್ಗದ ಸದ್ದು ಬೇರೆಯಾಗಿ ಕೇಳಿಸಿತು; ಮಾವನದು ನಿಧಾನದ ಹೊಡೆತ, ಇದು ಚುರುಕು. ಹೋಗಿ ನೋಡಿದರೆ ಅತ್ತೆಯ ಕಾಲುಗಳು ಕುಣಿಯೊಳಗಿದ್ದವು. ಮಾವ ಗೋಡೆ ಹಿಡಿದು ನಿಂತಿದ್ದರು.

ಅತ್ತೆ ಲಾಳಿಯಿಂದ ಕಣ್ಣೆತ್ತಲಿಲ್ಲ. "ನಿಂತ್ಕೊಂಡು ಏನ್ ನೋಡ್ತೀರಾ? ಹೋಗಿ ಒಂದ್ ಸುತ್ತು ನಡ್ಕೊಂಡ್ ಬನ್ನಿ. ಫ್ರೀ ತಾನೆ," ಎಂದರು.