ನಮ್ಮ ಹಬ್ಬವಲ್ಲದ ಮಂಗಳವಾರ

ಹೊಸ ಕ್ಯಾಲೆಂಡರಿನ ಶಾಯಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ನನ್ನ ಕೈ ಪೆನ್ನು ಹುಡುಕುತ್ತದೆ. ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತನಾದ ನನಗೆ ಪಂಚಾಂಗಕ್ಕಿಂತ ಸರ್ಕಾರಿ ರಜೆಗಳ ಪಟ್ಟಿಯೇ ಹೆಚ್ಚು ಬಾಯಿಪಾಠ. ಯಾವ ಹಬ್ಬ ಶುಕ್ರವಾರ ಬಿತ್ತು, ಯಾವ ಜಯಂತಿ ಎರಡನೇ ಶನಿವಾರಕ್ಕೆ ಅಂಟಿಕೊಂಡಿತು, ನಡುವೆ ಒಂದು ರಜೆಚೀಟಿ ತೂರಿಸಿದರೆ ಎಲ್ಲಿಯವರೆಗೆ ಹೋಗಿಬರಬಹುದು, ಎಲ್ಲ ಜನವರಿಯಲ್ಲೇ ಸಿದ್ಧ. ಗಣರಾಜ್ಯೋತ್ಸವ ಭಾನುವಾರ ಬಂದ ವರ್ಷ ನಾನು ಪಟ್ಟ ದುಃಖವನ್ನು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಹಂಗಳದಲ್ಲಿರುವ ನನ್ನ ಅಕ್ಕನ ಮನೆಗೂ ಈ ಪಟ್ಟಿಯಲ್ಲಿ ಜಾಗವಿತ್ತು: ಯುಗಾದಿ, ಗೌರಿ, ದೀಪಾವಳಿ. ನನ್ನನ್ನು ಎತ್ತಿ ಆಡಿಸಿದವಳು ಅವಳು. ಹೊರಡುವ ಮುನ್ನ ಫೋನ್ ಮಾಡುತ್ತಿದ್ದೆ. ಬೈಕಿನ ಸದ್ದಿಗೆ ಬಾಗಿಲಿಗೆ ಬಂದು, "ಬಾ ಕಣಪ್ಪ, ಒಳಿಕ್ ಬಾ" ಅನ್ನುತ್ತಿದ್ದಳು. ತವರಿಗೆ ಬಂದ ಮಗಳು ಬಡಿಸುತ್ತಿದ್ದಳು. ಹೋಳಿಗೆ ಉಂಡು, ಒಂದು ನಿದ್ದೆ ತೆಗೆದು, ಬೆಳಕಿರುವಾಗಲೇ ಗುಂಡ್ಲುಪೇಟೆ ದಾಟಿ ವಾಪಸ್ಸು.

ಒಂದು ವರ್ಷ, ಸೋಮವಾರ ರಂಜಾನ್, ಮಂಗಳವಾರಕ್ಕೊಂದು ರಜೆ ಎಂದು ಊಟಿಗೆ ಹೊರಡಲು ಸಿದ್ಧನಾಗಿದ್ದೆ. ಭಾನುವಾರ ಸಂಜೆ ಚಂದ್ರ ಕಾಣಲಿಲ್ಲ. ಹಬ್ಬ ಮಂಗಳವಾರಕ್ಕೆ ಜಾರಿತು, ಊಟಿ ಕೈತಪ್ಪಿತು. ಮಂಗಳವಾರ ಮನೆಯಲ್ಲಿ ಕೂತು ಬೇಸರವಾಗಿ, ಫೋನೂ ಮಾಡದೆ, ಬೈಕು ಕೆಟ್ಟಿದ್ದರಿಂದ ಬಸ್ಸು ಹತ್ತಿ ಹಂಗಳಕ್ಕೆ ಹೋದೆ.

ಅಕ್ಕ ಜಗುಲಿಯ ಮೇಲೆ ಚೆಂಡುಹೂವಿನ ರಾಶಿಯ ಮುಂದೆ ಕೂತಿದ್ದಳು. ಹಾಡುಹಗಲು. ಎರಡು ಮಾರು ದೂರದಲ್ಲಿ ನಿಂತು ನಕ್ಕೆ. ನನ್ನತ್ತಲೇ ಮುಖ ಎತ್ತಿದಳು.

"ಯಾರಪ್ಪಾ ಅದು? ಊವಿನ್ ಚೀಲಕ್ ಬಂದ್ಯಾ? ನಮ್ಮೋರು ಒಲ್ದತ್ರ ಅವ್ರೆ."

ತಮಾಷೆ ಅಂದುಕೊಂಡೆ. ಅಷ್ಟರಲ್ಲಿ ಅವಳು ಪಕ್ಕದ ಚೊಂಬಿಗೆ ಕೈ ನೀಡಿದಳು. ಕೈ ನೆಲವನ್ನು ತಡವುತ್ತಾ ಹೋಗಿ ಚೊಂಬನ್ನು ಉರುಳಿಸಿತು.

"ಅಕ್ಕಾ, ನಾನು ಕಣಕ್ಕ!"

"ಅಯ್ಯೋ, ನೀನಾ! ಇವತ್ತು ನಮ್ ಅಬ್ಬ ಇಲ್ವಲ್ಲಪ್ಪ. ನೀನಿರ್ಬೋದು ಅಂತ ನೆನೆಸ್ಲೇ ಇಲ್ಲ ಕಣ."

ಎರಡು ದೀಪಾವಳಿಯಿಂದ ಹೀಗೇ ಇತ್ತಂತೆ.

"ನಂಗ್ಯಾಕ್ ಹೇಳ್ಲಿಲ್ಲ?"

"ಅಬ್ಬದ್ ದಿನ ಉಣ್ಣಕ್ ಬಂದೋನ್ ಮುಂದೆ ಕಣ್ಣಿನ್ ಮಾತ್ ತೆಗೀಲಾ? ನಿಮ್ ಬಾವನೂವೆ, ಓಣಂ ಊವ ಮುಗೀಲಿ ತೋರ್ಸನ, ದಸ್ರಾ ಮುಗೀಲಿ ತೋರ್ಸನ ಅಂತಾನೇ ಅವ್ರೆ. ಬುಡು."

ಆ ಎರಡು ವರ್ಷವೂ ನಾನು ಅವಳೆದುರೇ ಕೂತು ಹೋಳಿಗೆ ತಿಂದಿದ್ದೆ. ಹೋಳಿಗೆಯ ರುಚಿ ನೆನಪಿದೆ. ಅವಳ ಕಣ್ಣು ಹೇಗಿತ್ತೆಂದು ನೆನಪಿಲ್ಲ.

ಮಾರನೆಯ ದಿನ ಕಚೇರಿಗೆ ಹೋಗದೆ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಪೊರೆ ತೆಗೆದ ಮೇಲೆ ಬಲಗಣ್ಣಿಗೆ ದೃಷ್ಟಿ ಬಂತು. ಎಡಗಣ್ಣಿನ ನರವೇ ಹೋಗಿತ್ತು. "ಒಂದು ವರ್ಷ ಮೊದಲು ಬಂದಿದ್ದರೆ ಉಳಿಸಬಹುದಿತ್ತು" ಎಂದರು ಡಾಕ್ಟರು, ನನ್ನ ಮುಖ ನೋಡಿ.

ಈಗ ತಿಂಗಳಿಗೊಮ್ಮೆ ಕೆಲಸದ ದಿನವೇ ರಜೆ ಹಾಕುತ್ತೇನೆ. "ಏನ್ರೀ ವಿಶೇಷ?" ಎಂದು ಸಾಹೇಬರು ಕೇಳಿದರೆ, "ಏನೂ ಇಲ್ಲ ಸಾರ್" ಎನ್ನುತ್ತೇನೆ. ಕಳೆದ ಬುಧವಾರ ಹೋದಾಗ ಮುದ್ದೆ, ಸೊಪ್ಪಿನ ಸಾರು. ತಟ್ಟೆ ಹಿಡಿದು ಮಾತಾಡುತ್ತಾ ಅವಳ ಪಕ್ಕ ಕೂತೆ. ಅಕ್ಕ ಕತ್ತು ಹೊರಳಿಸಿ ಹುಡುಕಿದಳು.

"ಅಲ್ ಕೂತ್ರೆ ನೀ ಕಾಣಕ್ಕಿಲ್ಲ ಕಣ್ಲಾ. ಈ ಕಡೀಕ್ ಬಾ."

ತಟ್ಟೆ ಎತ್ತಿಕೊಂಡು ಅವಳ ಬಲಕ್ಕೆ ಹೋಗಿ ಕೂತೆ.