ನೋವಿಲ್ಲದ ಕಾಲು

ಆ ಬೀದಿಯ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಸರ್ರಕ್ಕ ಎಂದು. ಮಂಜುಗಡ್ಡೆಯ ಮೇಲೆ ಸರ್ರನೆ ಜಾರಿಹೋಗುತ್ತಾಳೆಂದು ಎದುರುಮನೆಯ ಪುಟ್ಟಿ ಇಟ್ಟ ಹೆಸರದು. ಹೆತ್ತವರಿಟ್ಟ ಹೆಸರನ್ನು ಅದು ಯಾವತ್ತೋ ನುಂಗಿ ನೀರು ಕುಡಿದಿತ್ತು.

ಅಪ್ಪನದು ಬೀಗ ರಿಪೇರಿ ಅಂಗಡಿ. ಅದರ ಮೇಲೆ ಮೂರನೇ ಮಹಡಿಯಲ್ಲಿ ಮನೆ. ತಾಯಿ ಇಲ್ಲದ ಅವಳನ್ನು ಸಾಕಿದವಳು ದೊಡ್ಡಮ್ಮ. ಬೆಳಗಿನ ಹೊತ್ತು ಬಸ್ ಡಿಪೋ ಹಿಂದಿನ ಸ್ಕೇಟಿಂಗ್ ಅಂಗಣ, ಉಳಿದ ಹೊತ್ತು ಅಪ್ಪನ ಪಕ್ಕ ಕೂತು ಕೀಲಿಕೈಗೆ ಅರ ಉಜ್ಜುವುದು, ಇದೇ ಅವಳ ದಿನಚರಿ. ವಿಶ್ವಕೂಟಕ್ಕೆ ಆಯ್ಕೆ ನಡೆದಾಗ ಅಂಗಣದ ಜೊತೆಗಾತಿಯನ್ನು ಸ್ಕೇಟಿನ ಬ್ಲೇಡಿನ ಮೊನೆಯಷ್ಟು ಅಂತರದಲ್ಲಿ ಸೋಲಿಸಿ ಇದ್ದ ಒಂದೇ ಒಂದು ಜಾಗ ಗಿಟ್ಟಿಸಿದಳು. ಆ ಜೊತೆಗಾತಿ ಪಕ್ಕದ ಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವವಳು. ಸೋತ ದಿನ ಅವಳು ಅತ್ತಿದ್ದಳು, ಅತ್ತು ಮುಗಿಸಿ ಬಂದು ಕೈ ಕುಲುಕಿದ್ದಳು.

ಸರ್ರಕ್ಕನದು ಹೆಂಗಸರ ಸ್ಪರ್ಧೆಗಳಲ್ಲೇ ಉದ್ದನೆಯ ಓಟ. ಒಮ್ಮೆಗೆ ಇಬ್ಬರು ಮಾತ್ರ. ಸುತ್ತು ಸುತ್ತಿಗೂ ಒಳದಾರಿಯವಳು ಹೊರಗೆ, ಹೊರದಾರಿಯವಳು ಒಳಗೆ ಬರಬೇಕು. ಅವಳಿಗೆ ಜೋಡಿಯಾಗಿ ಬಂದವಳು ಹಿಂದಿನ ವರ್ಷದ ಚಾಂಪಿಯನ್. ನಿಂತರೆ ಬಾಗಿಲಿನ ಚೌಕಟ್ಟು ತುಂಬುವ ಆಳು.

ಮೊದಲ ಸುತ್ತುಗಳಲ್ಲಿ ಸರ್ರಕ್ಕ ಬಿಡದೆ ಬೆನ್ನಟ್ಟಿದಳು. ಬರಬರುತ್ತ ಆ ಬೆನ್ನು ಚಿಕ್ಕದಾಯಿತು, ಮತ್ತೆ ತಿರುವಿನಾಚೆ ಮಾಯವಾಯಿತು. ಇದ್ದಕ್ಕಿದ್ದಂತೆ ಜನ ಹುಯಿಲೆಬ್ಬಿಸಿದರು. ತನಗೇ ಹುರುಪು ತುಂಬುತ್ತಿದ್ದಾರೆಂದು ಅವಳೆಂದುಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಬ್ಲೇಡು ಮಂಜನ್ನು ಕೊರೆಯುವ ಸದ್ದು ಕೇಳಿಸಿತು. ಚಾಂಪಿಯನ್ ಒಂದು ಪೂರಾ ಸುತ್ತು ಮುಂದಾಗಿ, ಈಗ ಅವಳನ್ನು ದಾಟಿಹೋಗಲು ಬರುತ್ತಿದ್ದಳು.

ಮೇಲಿನ ದೊಡ್ಡ ಪರದೆಯಲ್ಲಿ ಅದು ಕಾಣುತ್ತದೆ. ಊರಲ್ಲಿ ಅಪ್ಪನ ಅಂಗಡಿಯ ಟೀವಿ ಮುಂದೆ ಇಡೀ ಬೀದಿ ಕೂತಿದೆ. ಇಷ್ಟು ಹೊಳೆದದ್ದೇ ತಡ, ಅವಳ ಕೈ ತಾನಾಗಿ ಎಡತೊಡೆಯನ್ನು ಹಿಡಿದುಕೊಂಡಿತು. ನೆಟ್ಟಗೆ ನಿಂತು, ಮುಖ ಕಿವುಚಿ, ಒಂದೇ ಕಾಲಿನ ಮೇಲೆ ಜಾರುತ್ತ ಅಂಚಿಗೆ ಸರಿದುಬಿಟ್ಟಳು. ತೊಡೆ ಉರಿಯುತ್ತಿತ್ತು, ನಿಜ. ಆದರೆ ಅದು ಆ ಹೊತ್ತಿಗೆ ಯಾರ ತೊಡೆಯಾದರೂ ಉರಿಯುವ ಉರಿ. ಉಳಿದದ್ದು ಎರಡೇ ಸುತ್ತು, ಮುಗಿಸಬಹುದಿತ್ತು.

ಚಾಂಪಿಯನ್ ಗುರಿ ಮುಟ್ಟಿದವಳೇ ಜನರತ್ತ ಕೈ ಬೀಸುವುದನ್ನೂ ಬಿಟ್ಟು ಇವಳ ಹತ್ತಿರ ಬಂದಳು. ಬಗ್ಗಿ ಬೆನ್ನು ಸವರಿ, ಅರ್ಥವಾಗದ ಭಾಷೆಯಲ್ಲಿ ಸಮಾಧಾನ ಹೇಳಿದಳು. ಇವಳು ತಲೆ ಎತ್ತಲಿಲ್ಲ. ಎತ್ತುವ ಮುಖ ಎಲ್ಲಿತ್ತು? ತಂಡದ ಫಿಸಿಯೋ ತೊಡೆಯನ್ನು ಅಲ್ಲಿ ಒತ್ತಿ ಇಲ್ಲಿ ಒತ್ತಿ, ಎಲ್ಲಿ ನೋವೆಂದು ಕೇಳಿದ. ಮೊದಲು ತೋರಿಸಿದ ಜಾಗ ಒಂದು, ಎರಡನೇ ಸಲ ತೋರಿಸಿದ್ದು ಇನ್ನೊಂದು. ಅವನು ಒಂದು ಗಳಿಗೆ ಅವಳ ಮುಖ ನೋಡಿ, ಪಟ್ಟಿ ಸುತ್ತಿದ. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಅವಳಿಗೆ.

ಊರಿಗೆ ಬಂದರೆ ಬಾಗಿಲಲ್ಲೇ ಜನ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಬೇಕರಿಯವನೂ ಪೋಸ್ಟ್‌ಮ್ಯಾನೂ ಸೇರಿ ಅವಳನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹೊತ್ತರು. ಎರಡನೇ ಮಹಡಿಯಲ್ಲಿ ಬೇಕರಿಯವನು ಏದುಸಿರು ಬಿಡುತ್ತ, "ಪದಕ ಇಲ್ದೇನೇ ಇಷ್ಟು ಭಾರ, ಇದ್ದಿದ್ರೆ ನಮ್ ಗತಿ ಏನು?" ಎಂದ. ಎಲ್ಲರೂ ನಕ್ಕರು. ಮೆಟ್ಟಿಲು ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು ಸರ್ರಕ್ಕನಿಗೆ.

ದೊಡ್ಡಮ್ಮ ತನ್ನ ಮೊಣಕಾಲು ನೋವನ್ನು ಮರೆತು, ನೆಲದ ಮೇಲೆ ಕೂತು, ದಿನವೂ ಅವಳ ತೊಡೆಗೆ ಮುಲಾಮು ತಿಕ್ಕಿದಳು. ಊತ ಕಾಣದ್ದರಿಂದ ಅವಳ ಆತಂಕ ಇನ್ನೂ ಹೆಚ್ಚಿತು. ಒಳಗೇ ಕೂತಿರುವ ನೋವು ಬಹಳ ಕೆಟ್ಟದ್ದೆಂದು ನೆರೆಯವರಿಗೆಲ್ಲ ಹೇಳಿಕೊಂಡು ಬಂದಳು. ಸರ್ರಕ್ಕ ಗೋಡೆ ಕಡೆ ಮುಖ ತಿರುಗಿಸಿ ಮಲಗಿರುತ್ತಿದ್ದಳು.

ಕುಂಟುವುದೂ ಒಂದು ಕೆಲಸವೇ, ಗಮನ ಬೇಕು. ಅಂಗಡಿಗೆ ಇಳಿಯತೊಡಗಿದ ಮೇಲೆ ಒಂದು ಮಧ್ಯಾಹ್ನ ಏನೋ ಯೋಚಿಸುತ್ತ ಕಪಾಟಿನತ್ತ ಹೋದಳು. ಅರ ಹಿಡಿದಿದ್ದ ಅಪ್ಪ ಕಣ್ಣೆತ್ತದೆ ಕೇಳಿದ: "ಎಡಗಾಲಲ್ವಾ ನೋವಿದ್ದದ್ದು?"

ಅವಳು ಕುಂಟುತ್ತಿದ್ದುದು ಬಲಗಾಲಿನಲ್ಲಿ. "ಎರಡೂ," ಎಂದಳು. ಅಪ್ಪ ಹೂಂಗುಟ್ಟಿ ಅರ ಉಜ್ಜುತ್ತಲೇ ಇದ್ದ.

ಅದೇ ವಾರ ಜೊತೆಗಾತಿ ನೋಡಲು ಬಂದಳು. ಹಿಂದೊಮ್ಮೆ ತನಗೆ ತೊಡೆ ಹಿಡಿದಾಗ ಬಳಸಿದ ದಪ್ಪ ಪಟ್ಟಿಯನ್ನು ಒಗೆದು ತಂದಿದ್ದಳು. ಅದನ್ನು ಮಂಚದ ಮೇಲಿಟ್ಟು, ಕೂದಲಿನ ಚೂರು ಅಂಟಿದ್ದ ತೋಳನ್ನು ಕೊಡವುತ್ತ ಕೂತಳು.

"ಒಂದು ಹೇಳ್ಬೇಕಿತ್ತು," ಎಂದಳು ಕೊನೆಗೆ. "ನೀನು ನಿಂತಾಗ ನಿಮ್ಮಪ್ಪನ ಅಂಗಡೀಲಿ ಎಲ್ಲರೆದುರಿಗೆ ನಿನ್ನ ಬೈದ್ಬಿಟ್ಟೆ. ನಾನಾಗಿದ್ರೆ ತೆವಳ್ಕೊಂಡಾದ್ರೂ ಮುಗಿಸ್ತಿದ್ದೆ ಅಂದೆ. ನಿನ್ ಕಾಲಿನ ವಿಷಯ ಆಗ ಗೊತ್ತಿರ್ಲಿಲ್ಲ. ಮನಸಿಗೆ ಹಚ್ಕೋಬೇಡ, ತಪ್ಪಾಯ್ತು."

ಇವಳ ಹತ್ತಿರ ಅವಳು ಕ್ಷಮೆ ಕೇಳುತ್ತಿದ್ದಳು. ಸರ್ರಕ್ಕನ ಕಿವಿ ಸುಟ್ಟಂತಾಯಿತು. ಹೇಳಿಬಿಟ್ಟಳು.

"ಕಾಲಿಗೆ ಏನೂ ಆಗಿಲ್ಲ. ಅವಳು ನನ್ನ ದಾಟೋದನ್ನ ಯಾರೂ ನೋಡ್ಬಾರ್ದು ಅಂತ ನಿಂತೆ."

ಜೊತೆಗಾತಿ ಬೈಯಲಿಲ್ಲ. ತಂದ ಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದು ಹೋದಳು.

ಆ ಸಂಜೆ ಸರ್ರಕ್ಕ ಎರಡೂ ಕಾಲಲ್ಲಿ ಸರಿಯಾಗಿ ಮೆಟ್ಟಿಲಿಳಿದು ಅಪ್ಪನಿಗೆ ಹೇಳಿದಳು. ಗೊತ್ತಿತ್ತು ಎಂದ ಅಪ್ಪ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದಕ್ಕೆ, "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಸ್ವಲ್ಪ ತಡ ಮಾಡ್ದೆ," ಎಂದನಷ್ಟೇ. ಬೇಕರಿಯವನು ಕೇಳಿ ಸೊಂಟ ಹಿಡಿದುಕೊಂಡು ನಿಂತ, ಆಮೇಲೆ ಎಷ್ಟೋ ದಿನ ಮಾತು ಬಿಟ್ಟ. ಎಲ್ಲಕ್ಕಿಂತ ಕಷ್ಟವಾದದ್ದು ದೊಡ್ಡಮ್ಮನೆದುರು. ಅವಳು ಖಾಲಿಯಾದ ಮುಲಾಮಿನ ಡಬ್ಬಿ ತಿರುಗಿಸಿ ನೋಡುತ್ತ, "ಇದನ್ನ ನನ್ ಮೊಣಕಾಲಿಗೆ ಹಚ್ಕೊಂಡಿದ್ರೆ ನಾನಾದ್ರೂ ಓಡಾಡ್ತಿದ್ನಲ್ಲೇ," ಎಂದಳು. ಅದು ತಮಾಷೆಯೋ ನೋವೋ ಸರ್ರಕ್ಕನಿಗೆ ತಿಳಿಯಲಿಲ್ಲ, ಅತ್ತುಬಿಟ್ಟಳು.

ಮರುವರ್ಷ ಆಯ್ಕೆಯಲ್ಲಿ ಜೊತೆಗಾತಿ ಗೆದ್ದು ವಿಶ್ವಕೂಟಕ್ಕೆ ಹೋದಳು. ಬೀದಿಯ ಜನ ಮತ್ತೆ ಅಂಗಡಿಯ ಟೀವಿ ಮುಂದೆ ಸೇರಿದರು. ಅವಳನ್ನೂ ಒಬ್ಬಳು ಒಂದು ಸುತ್ತು ದಾಟಿಹೋದಳು. ಅವಳು ಬಗ್ಗಿದ ಬೆನ್ನು ಎತ್ತಲಿಲ್ಲ. ಎಲ್ಲರಿಗಿಂತ ಕೊನೆಗೆ ಗುರಿ ದಾಟಿ, ಬಾಯಿ ತೆರೆದು ಮಂಜಿನ ಮೇಲೆ ಅಂಗಾತ ಬಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ರಕ್ಕನೂ ತಟ್ಟಿದಳು, ಆಮೇಲೆ ಅಲ್ಲಿ ನಿಲ್ಲಲಾಗದೆ ಕಪಾಟಿನ ಹಿಂದೆ ಹೋಗಿ ನಿಂತಳು. ಸುಳ್ಳು ಒಪ್ಪಿಕೊಂಡ ದಿನ ಆಗದಷ್ಟು ನಾಚಿಕೆ ಅವಳಿಗೆ ಆಗ ಆಯಿತು.

ಹಿಂತಿರುಗಿದ ಜೊತೆಗಾತಿ ಒಂದು ಬೆಳಗ್ಗೆ ಅಂಗಣದಲ್ಲಿ ಪಕ್ಕಕ್ಕೆ ಬಂದು, "ಮುಂದೆ ಹೋಗು, ಗಾಳಿ ಜಾಸ್ತಿ ಇದೆ," ಎಂದಳು. ಅಷ್ಟು ತಿಂಗಳಲ್ಲಿ ಅದೇ ಮೊದಲ ಮಾತು. ಸರ್ರಕ್ಕ ಮುಂದೆ ಹೋಗಿ ಗಾಳಿಗೆ ಎದೆಯೊಡ್ಡಿದಳು, ಆ ಮರೆಯಲ್ಲಿ ಜೊತೆಗಾತಿ ಹಿಂದೆ ಬಂದಳು. ಆಮೇಲೆ ಅವಳು ಮುಂದೆ, ಮತ್ತೆ ಇವಳು.

ಸರ್ರಕ್ಕ ಮತ್ತೆಂದೂ ವಿಶ್ವಕೂಟಕ್ಕೆ ಆಯ್ಕೆಯಾಗಲಿಲ್ಲ. ಈಗ ರಜಾದಿನಗಳಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಾಳೆ. ವಿಶ್ವಕೂಟದಲ್ಲಿ ಎಷ್ಟನೆಯವಳಾಗಿ ಬಂದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. "ಬರಲಿಲ್ಲ, ಹೆದರಿ ಮಧ್ಯದಲ್ಲೇ ನಿಂತೆ," ಎನ್ನುತ್ತಾಳೆ. ಹೇಳುವಾಗ ಇಂದಿಗೂ ಮುಖ ಕೆಂಪಾಗುತ್ತದೆ. ಮಕ್ಕಳಿಗೆ ಅದರಲ್ಲಿ ಸ್ವಾರಸ್ಯ ಕಾಣುವುದಿಲ್ಲ. ಅವರು ಆಗಲೇ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಟಿರುತ್ತಾರೆ.