ಹಂಪಿ ಬಜಾರ್‌ಗೆ ಕರೆದವರು ಯಾರು?

"ಅಂಕಲ್, ಎಲ್ಲದೀರಿ? ಅವ್ವ ಬಿಸಿಲಾಗ ಕುಂತಾಳ."

ಹೋದ ಭಾನುವಾರ ಹೊಸಪೇಟೆಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಬಂದ ಮೇಲ್ ಇದು. ಯಾರ ಅವ್ವ? ಎಲ್ಲಿಯ ಬಿಸಿಲು?

ಇತ್ತೀಚೆಗೆ ನನಗೊಂದು ಚಟ ಹತ್ತಿತ್ತು. ಲಾಟರಿ ಹೊಡೆದಿದೆ, ಲೋನ್ ಪಾಸಾಗಿದೆ ಅಂತ ಬರುವ ಕಸದ ಮೇಲ್‌ಗಳನ್ನು ಚಾಟ್‌ಬಾಟ್‌ಗೆ ಹಾಕಿ, 'ಏನಾದರೂ ಸುಳ್ಳು ಹೇಳಿ ಇವನನ್ನು ಆಟ ಆಡಿಸು' ಅನ್ನುವುದು. ಅದು ಬರೆದುಕೊಟ್ಟಿದ್ದನ್ನು ಓದಿಯೋ ಓದದೆಯೋ ಕಳಿಸಿಬಿಡುವುದು. (ಲೋನ್‌ನವನೊಬ್ಬನಿಗೆ ಅದು ಕಮಲಾಪುರದ ಕೆರೆಯನ್ನೇ ಅಡ ಇಟ್ಟಿತ್ತು!)

ಹಿಂದಿನ ಮೇಲ್‌ಗಳನ್ನು ತೆಗೆದು ನೋಡಿದೆ.

ಬರೆದವಳು ವಡ್ಡು ಎಂಬ ಹಳ್ಳಿಯ ಹುಡುಗಿ. ಅವಳಪ್ಪ ಬಸಣ್ಣ ಸಂಡೂರಿನ ಗಣಿಯಲ್ಲಿ ನನ್ನ ಜತೆ ಲಾರಿ ಓಡಿಸಿದವನು, ಹೋದ ವರ್ಷ ತೀರಿಕೊಂಡ. ಆಯುಧಪೂಜೆ ದಿನ ಲಾರಿಗೆ ಹಾರ ಹಾಕಿ ನಾವಿಬ್ಬರೂ ತೆಗೆಸಿಕೊಂಡ ಫೋಟೊ ಬಗ್ಗೆ ಇದೇ ಅಂಕಣದಲ್ಲಿ ಬರೆದಿದ್ದೆನಲ್ಲ, ಅದು ಅವಳಿಗೆ ಬೇಕಿತ್ತು. ವರ್ಷದ ಪೂಜೆಗೆ ಇಡಲು ಆಧಾರ್ ಕಾರ್ಡಿನ ಮುಖ ಬಿಟ್ಟರೆ ಅಪ್ಪನ ಬೇರೆ ಫೋಟೊ ಇರಲಿಲ್ಲ.

ಪಾಪ, ಅವಳೂ ಚಾಟ್‌ಬಾಟ್‌ನಿಂದಲೇ ದೊಡ್ಡ ಇಂಗ್ಲಿಷ್‌ನಲ್ಲಿ ಬರೆಸಿದ್ದಳು. ಮೊದಲ ಸಾಲು ನೋಡಿ ಕಸ ಅಂದುಕೊಂಡು ಬಾಟ್‌ಗೆ ಹಾಕಿದ್ದೆ. ಎರಡನೇ ಸಾಲು ಓದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? 'ಫೋಟೊ ತರುತ್ತೇನೆ, ಭಾನುವಾರ ಹಂಪಿ ಬಜಾರ್‌ಗೆ ಬನ್ನಿ' ಅಂತ ನನ್ನ ಬಾಟ್ ಕರೆದಿತ್ತು.

ಗೋಡೆಯ ಫೋಟೊ ಕಿತ್ತುಕೊಂಡು ಆಟೊ ಹತ್ತಿದೆ. "ಜಲ್ದಿ ಹೊಡಿಯಪ್ಪ" ಅಂತ ದಾರಿಯುದ್ದಕ್ಕೂ ಅವನ ಜೀವ ತಿಂದೆ.

ತಾಯಿ ಮಗಳು ಕಲ್ಲುಮಂಟಪದ ಮುಂದೆ ಕೂತಿದ್ದರು. ಬೈಯುತ್ತಾರೆ ಅಂದುಕೊಂಡೆ. "ಬರ್ರಿ ಅಣ್ಣಾರ, ಕುಂದ್ರಿ" ಅಂತ ತಾಯಿ ಜಾಗ ಬಿಟ್ಟರು. ಫೋಟೊದ ಗಾಜನ್ನು ಸೆರಗಿನಿಂದ ಒರೆಸಿದರು.

"ನೋಡವ್ವಾ, ನಿಮ್ಮಪ್ಪ ಹೆಂಗ ನಗಾಕತ್ತಾರ."

ಆಮೇಲೆ ನನ್ನತ್ತ ತಿರುಗಿದರು. "ಘಾಟಿನಾಗ ಬ್ರೇಕ್ ಫೇಲಾದಾಗ ಇವ್ರು ನಿಮ್ಮನ್ನ ಉಳಿಸಿದ್ರಂತಲ್ರಿ? ನಿಮ್ಮ ಮೇಲ್ ಮಗಳು ಓದಿ ಹೇಳಿದ್ಲು, ಭಾಳ ಅತ್ತೆ. ನಮಗ ಒಂದಿನಾನೂ ಹೇಳಿದ್ದಿಲ್ಲ ನೋಡ್ರಿ. ಹೆಂಗಾತು, ಹೇಳ್ರಿ."

ಅಂಥದ್ದೇನೂ ಆಗಿರಲಿಲ್ಲ. ಬಾಟ್ ಕಟ್ಟಿದ ಕತೆ ಅದು.

ನಾನು ಹೇಳಿದೆ. ಇಳಿಜಾರು, ತಿರುವು, ಬಸಣ್ಣನ ಧೈರ್ಯ, ಎಲ್ಲ ಹೇಳಿದೆ. ಆ ತಾಯಿ ಬಾಯಿಗೆ ಸೆರಗು ಹಿಡಿದು ಕೇಳಿದರು.

ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಪೂಜೆಯ ದಿನ ಬಂದು ಅದನ್ನೇ ಎಲ್ಲರ ಮುಂದೆ ಹೇಳಬೇಕಂತೆ. ಈ ಅಂಕಣ ಆ ಮನೆಯಲ್ಲೂ ಓದುತ್ತಾರೆ. ಓದಲಿ ಅಂತಲೇ ಬರೆದೆ.

ಸುಳ್ಳು ಹೇಳು ಅಂತ ಬಾಟ್‌ಗೆ ನಾನು ಹೇಳಿದ್ದೆ. ನನಗೆ ಯಾರು ಹೇಳಿದ್ದರು?